ಯಾವುದಾದರೂ ಪರವಾಗಿಲ್ಲ

ಮಾರ್ಚ್ ೩

ಅತ್ತೆಯವರಿಗೆ,

ಈ ಒಂದು ಪದ ಬರೆಯುವುದಕ್ಕೇ ಎರಡು ಹಾಳೆ ಹರಿದೆ. ಕಾನೂನಿನ ಲೆಕ್ಕದಲ್ಲಿ ನಾನೀಗ ನಿಮ್ಮ ಸೊಸೆಯಲ್ಲ. ಆದರೆ ನಿಮ್ಮನ್ನು ಇನ್ನೇನೆಂದು ಕರೆಯಲಿ? 'ಮೇಡಂ' ಎಂದರೆ ಕತ್ತರಿ ಎತ್ತಿಕೊಂಡು ಬರುತ್ತೀರಿ. ಹಳೆಯದೇ ಇರಲಿ. ಫೋನ್ ಮಾಡಬಹುದಿತ್ತು. ಫೋನಿನಲ್ಲಿ ನಾವಿಬ್ಬರೂ 'ಚೆನ್ನಾಗಿದ್ದೀಯಾ', 'ಚೆನ್ನಾಗಿದ್ದೀನಿ' ಎಂದು ಹೇಳಿ ಮುಗಿಸುವವರು. ಅದಕ್ಕೇ ಕಾಗದ.

ವಿಷಯ ಇಷ್ಟು. ಮೊನ್ನೆ ಕಚೇರಿಯಲ್ಲಿ ಕೂತಿದ್ದಾಗ ಗುಮಾಸ್ತನಿಂದ ಒಂದು ಸಂದೇಶ ಬಂತು. ನಿಮ್ಮ ಹೊಲಿಗೆ ಅಂಗಡಿಯ ಗುಮಾಸ್ತನೇ, ಇಸ್ತ್ರಿಪೆಟ್ಟಿಗೆಯ ಪಕ್ಕದ ಕಪಾಟಿನ ಮೇಲೆ ನಾನು ಕೂರಿಸಿಹೋದ ಆ ಸಣ್ಣ ಡಬ್ಬಿ. ದೀಪ ಹಾಕುವ, ದಾರ ತರಿಸುವ, ವೈದ್ಯರ ಸಮಯ ಗೊತ್ತುಮಾಡುವ ಒಂದು ಸಾಫ್ಟ್‌ವೇರಿಗೆ ಗುಮಾಸ್ತ ಎಂದು ಹೆಸರಿಟ್ಟವರು ನೀವೇ. ಅವನು ಹೀಗೆ ಬರೆದಿದ್ದ: 'ಮನೆಯವರು ಒಂದು ಪ್ರಶ್ನೆಗೆ ಮತ್ತೆ ಮತ್ತೆ ಯಾವುದಾದರೂ ಪರವಾಗಿಲ್ಲ ಎನ್ನುತ್ತಿದ್ದಾರೆ. ಹಾಗಾದಾಗ ನಿಮ್ಮನ್ನು ಕೇಳಬೇಕೆಂದಿದೆ. ಅವರ ಬಲಗೈ ಹೆಬ್ಬೆರಳಿನ ಶಸ್ತ್ರಚಿಕಿತ್ಸೆಯಲ್ಲಿ ಯಾವುದು ಮುಖ್ಯ? ನೋವು ಪೂರ್ತಿ ಹೋಗುವುದೋ, ಬೆರಳು ಬಾಗುವಂತೆ ಉಳಿಯುವುದೋ?'

ಹೆಬ್ಬೆರಳಿಗೆ ಏನಾಗಿದೆ? ಶಸ್ತ್ರಚಿಕಿತ್ಸೆ ಎಂದರೆ ಯಾವಾಗ? ನನಗೆ ಕೇಳುವ ಹಕ್ಕಿಲ್ಲ ಎಂದು ಗೊತ್ತು, ಆದರೂ ಕೇಳುತ್ತಿದ್ದೇನೆ.

ಗುಮಾಸ್ತನಿಗೆ ನಾನು ಉತ್ತರ ಕೊಟ್ಟಿಲ್ಲ. ಇದು ಅವನ ತಪ್ಪೂ ಅಲ್ಲ. ಅವನನ್ನು ತಂದ ದಿನ 'ನೀವು ಉತ್ತರ ಕೊಡದಿದ್ದರೆ ಯಾರನ್ನು ಕೇಳಬೇಕು' ಎಂಬ ಜಾಗದಲ್ಲಿ ನನ್ನ ಹೆಸರು ಹಾಕಿದ್ದೆ. ನಾನು ಮನೆ ಬಿಟ್ಟ ಮೇಲೆ ಅದನ್ನು ತೆಗೆಯಲು ಯಾರಿಗೂ ನೆನಪಾಗಿಲ್ಲ. ಅಲ್ಲಿ ಈಗ ನಿಮ್ಮ ಮಗನ ಹೆಸರಿರಬೇಕು. 'ಹೆಸರು ಬದಲಾಯಿಸು' ಎಂದು ಹೇಳಿದರೆ ಸಾಕು, ಮುಂದಿನದು ಅವನೇ ಮಾಡುತ್ತಾನೆ.

ಕೈಯನ್ನು ಹುಷಾರಾಗಿ ನೋಡಿಕೊಳ್ಳಿ.

ಸಹಿ ಹೇಗೆ ಮಾಡಬೇಕೆಂದು ತಿಳಿಯದೆ,
ನಾನು


ಮಾರ್ಚ್ ೧೨

ಗುಂಡುಪಿನ್ನಿಗೆ,

ನೀನು ಹೊಸದಾಗಿ ಬಂದಾಗ ನನ್ನ ಅಂಗಡಿಯಲ್ಲಿ ಕೂತು ಒಂದೊಂದೇ ಗುಂಡುಪಿನ್ನು ಎತ್ತಿಕೊಡುತ್ತಿದ್ದೆ. ಆ ಹೆಸರು ಕಾನೂನಿನ ಲೆಕ್ಕಕ್ಕೆ ಸೇರಿದ್ದಲ್ಲ, ಹಾಗಾಗಿ ಇನ್ನೂ ನಡೆಯುತ್ತದೆ. ಎರಡು ವರ್ಷ ಒಂದು ಗೆರೆ ಬರೆಯದವಳು ಬರೆದದ್ದು ನೋಡಿದರೆ, ಮೊದಲನೆಯ ಸಾಲಿನಿಂದ ಕೊನೆಯ ಸಾಲಿನವರೆಗೆ ಕ್ಷಮೆ ಕೇಳುವ ಮುಖ ಹಾಕಿಕೊಂಡಿದ್ದೀಯ. ಮುಖ ಸರಿಮಾಡಿಕೊ.

ಕೈ ವಿಷಯ. ಹೆಬ್ಬೆರಳಿನ ಬುಡದ ಕೀಲು ಸವೆದಿದೆಯಂತೆ. ಇಷ್ಟು ವರ್ಷ ಸೂಜಿ ಹಿಡಿದರೆ ಇನ್ನೇನಾಗುತ್ತದೆ? ಎರಡು ದಾರಿ ಇವೆ ಎಂದರು ವೈದ್ಯರು. ಒಂದು, ಕೀಲನ್ನು ಕೂಡಿಸಿ ಬಿಗಿ ಮಾಡುವುದು. ನೋವು ಹೋಗುತ್ತದೆ, ಬೇಗ ವಾಸಿ, ಆದರೆ ಬೆರಳು ಒಳಕ್ಕೆ ಬಾಗುವುದಿಲ್ಲ. ಇನ್ನೊಂದು, ಸವೆದ ಮೂಳೆ ತೆಗೆದು ಕೀಲನ್ನು ಹಾಗೇ ಬಿಡುವುದು. ಬೆರಳು ಬಾಗುತ್ತದೆ. ಆದರೆ ವಾಸಿಯಾಗಲು ಬಹಳ ದಿನ ಬೇಕು, ಅಷ್ಟು ದಿನ ಮನೆಯಲ್ಲಿ ಜೊತೆಗೆ ಯಾರಾದರೂ ಇರಬೇಕು. ನನಗೆ ಯಾವುದಾದರೂ ಪರವಾಗಿಲ್ಲ. ಅದನ್ನೇ ಗುಮಾಸ್ತನಿಗೂ ಹೇಳಿದೆ. ಅವನು ಓಡಿಹೋಗಿ ನಿನ್ನ ಹತ್ತಿರ ಚಾಡಿ ಹೇಳಿದ್ದಾನೆ.

ಅವನ ಬುದ್ಧಿವಂತಿಕೆಯನ್ನು ನೀನು ಹೊಗಳುತ್ತಿದ್ದೆಯಲ್ಲ, ಕೇಳು. ಒಮ್ಮೆ ಯಾವ ಬಣ್ಣದ ದಾರ ತರಿಸಲಿ ಎಂದ. ಕೈಯಲ್ಲಿ ಕೆಲಸವಿತ್ತು. "ಯಾವುದಾದ್ರೂ ಪರವಾಗಿಲ್ಲ, ಕಂದು ಇದ್ರೆ ಕಂದೇ ಕಳಿಸು" ಎಂದೆ. ಅವತ್ತಿನಿಂದ ಕಂದೇ ಬರುತ್ತಿದೆ. ನನಗೆ ಕಂದು ಅಂದರೆ ಪ್ರಾಣ ಎಂದು ತಿಳಿದುಕೊಂಡಿದ್ದಾನೆ. ಕಪಾಟು ತೆಗೆದರೆ ಕಂದು ಉಂಡೆಗಳು ಕಾಲಮೇಲೆ ಉರುಳುತ್ತವೆ. ಬಸ್ಸಿನವರ ನೀಲಿ ಸಮವಸ್ತ್ರಕ್ಕೂ ಒಳಗಡೆ ಕಂದು ಹೊಲಿಗೆ ಹಾಕುತ್ತಿದ್ದೇನೆ, ತಿರುಗಿಸಿ ನೋಡುವವರು ಯಾರು ಎಂದು. ಬೇಡ ಎಂದು ಹೇಳಲು ಸಂಕೋಚ. ಅಷ್ಟು ಮುತುವರ್ಜಿಯಿಂದ ತರಿಸುತ್ತಾನೆ, ಪಾಪ.

ಇನ್ನು ಹೆಸರಿನ ಮಾತು. ತೆಗೆಯಲು ಯಾರಿಗೂ ನೆನಪಾಗಿಲ್ಲ ಎಂದು ಬರೆದಿದ್ದೀಯ. ನನಗೇನು ಮರೆವು ಬಂದಿದೆಯೇ? ಗುಮಾಸ್ತ ಆಗಾಗ ಕೇಳುತ್ತಾನೆ, "ಇವರ ಹೆಸರೇ ಇರಲಾ?" ಎಂದು. "ಇರಲಿ" ಎನ್ನುತ್ತೇನೆ. ಮಗನ ಹೆಸರು ಹಾಕಿದರೆ ಅವನು ಏನೆಂದು ಉತ್ತರ ಕೊಡುತ್ತಾನೆ ಎಂದು ನಿನಗೆ ಗೊತ್ತು, ನನಗೂ ಗೊತ್ತು. "ಅಮ್ಮನಿಗೆ ಹೇಗೆ ಬೇಕೋ ಹಾಗೆ" ಎನ್ನುತ್ತಾನೆ. ನನ್ನ ಹೊಟ್ಟೆಯಲ್ಲಿ ಹುಟ್ಟಿದವನು.

ಸರಿಯಾಗಿ ಊಟ ಮಾಡು.

ಬೇರೇನೂ ಆಗಲು ಒಪ್ಪದ,
ಅತ್ತೆ


ಮಾರ್ಚ್ ೨೦

ಅತ್ತೆಗೆ,

ನಿಮ್ಮ ಕಾಗದವನ್ನು ಕಚೇರಿಯ ಮೆಟ್ಟಿಲ ಮೇಲೆ ಕೂತು ಓದಿದೆ. ಕಂದು ದಾರದ ಸಾಲಿಗೆ ನಕ್ಕಿದ್ದು ಕೇಳಿ ಕಾವಲುಗಾರ ತಿರುಗಿ ನೋಡಿದ. 'ಇರಲಿ' ಎನ್ನುವ ಸಾಲಿಗೆ ಬಂದಾಗ ನಗು ನಿಂತಿತು. ಅದನ್ನು ಮತ್ತೆ ಓದಿದೆ.

ನನ್ನ ಕೆಲಸ ಏನೆಂದು ನಿಮಗೆ ಎಂದೂ ಸರಿಯಾಗಿ ಹೇಳಿರಲಿಲ್ಲ. ಈಗ ಹೇಳುತ್ತೇನೆ, ಗುಮಾಸ್ತನ ಪರವಾಗಿ ವಕಾಲತ್ತು ಎಂದೇ ತಿಳಿಯಿರಿ. ಇಂಥ ಗುಮಾಸ್ತರಿಗೆ ತಮ್ಮದು ಎಂಬ ಇಷ್ಟವಿಲ್ಲ. ಎದುರಿಗೆ ಎರಡು ದಾರಿ ಬಂದರೆ ಯಾವುದು ಒಳ್ಳೆಯದು ಎಂದು ಅವರಿಗೆ ತಾವಾಗಿ ತಿಳಿಯುವುದಿಲ್ಲ, ಮನೆಯವರಿಗೆ ಯಾವುದು ಹೆಚ್ಚು ಇಷ್ಟ ಎಂಬುದರ ಮೇಲೆ ಹೋಗುತ್ತಾರೆ. ಆ ಇಷ್ಟವನ್ನು ಎರಡು ಕಡೆಯಿಂದ ಕಲಿಯುತ್ತಾರೆ. ಮನೆಯವರು ಬಾಯಲ್ಲಿ ಏನು ಹೇಳುತ್ತಾರೆ, ಕೈಯಲ್ಲಿ ಏನು ಮಾಡುತ್ತಾರೆ ಎಂದು. ಎರಡೂ ಹೊಂದಿದರೆ ತಾವೇ ನಿರ್ಧರಿಸುತ್ತಾರೆ. ಹೊಂದದಿದ್ದರೆ ಕೇಳುತ್ತಾರೆ. ಹೇಗೆ ಕೇಳಬೇಕು, ಯಾವ ಪ್ರಶ್ನೆಗೆ ಜನ ನಿಜ ಹೇಳುತ್ತಾರೆ ಎಂದು ಹುಡುಕುವುದು ನನ್ನ ಕೆಲಸ. ದಿನವೂ ಅಪರಿಚಿತರ ಎದುರು ಕೂತು, ಇದು ಬೇಕೋ ಅದು ಬೇಕೋ ಎಂದು ಕೇಳುತ್ತೇನೆ.

ನಮ್ಮಲ್ಲಿ ಎಲ್ಲರೂ ಹೆದರುವ ಉತ್ತರ ಒಂದೇ: ಯಾವುದಾದರೂ ಪರವಾಗಿಲ್ಲ. 'ಬೇಡ' ಎಂದರೆ ಗುಮಾಸ್ತ ಕಲಿಯುತ್ತಾನೆ. ಬೈದರೂ ಕಲಿಯುತ್ತಾನೆ. ಪರವಾಗಿಲ್ಲ ಎಂದರೆ ಕಲಿಯಲು ಏನೂ ಇಲ್ಲ. ಕತ್ತಲಲ್ಲಿ ಕೈಚಾಚಿ ಸಿಕ್ಕಿದ್ದನ್ನು ಹಿಡಿದುಕೊಳ್ಳುತ್ತಾನೆ. ನಿಮಗೆ ಸಿಕ್ಕಿದ್ದು ಕಂದು.

ನಿಮ್ಮ ಅಂಗಡಿಗೆ ಬಂದು, "ನಿಮಗೆ ಹೇಗೆ ಸರಿ ಅನ್ಸುತ್ತೋ ಹಾಗೆ ಹೊಲೀರಿ" ಎನ್ನುವ ಗಿರಾಕಿಗಳನ್ನು ನೀವು ಎಷ್ಟು ಬಯ್ಯುತ್ತಿದ್ದಿರಿ ನೆನಪಿದೆಯೇ? ಹೊಲಿದು ಕೊಟ್ಟ ಮೇಲೆ ತೋಳು ಉದ್ದ, ಸೊಂಟ ಬಿಗಿ ಎಂದು ಮತ್ತೆ ಮತ್ತೆ ಬರುತ್ತಾರೆ ಎಂದು. ಅತ್ತೆ, ಈಗ ನೀವೇ ಆ ಗಿರಾಕಿ. ಆದರೆ ಕೂಡಿಸಿದ ಕೀಲನ್ನು ಬಿಚ್ಚಿ ಮತ್ತೆ ಹೊಲಿಯಲು ಬರುವುದಿಲ್ಲ.

ಗುಮಾಸ್ತನಿಗೆ ಹೇಳಿದ್ದೇನೆ, ಒಟ್ಟಿಗೆ ದೊಡ್ಡ ಪ್ರಶ್ನೆ ಕೇಳಬೇಡ, ಚಿಕ್ಕ ಚಿಕ್ಕದಾಗಿ ಕೇಳು ಎಂದು. ದಯವಿಟ್ಟು ಉತ್ತರ ಕೊಡಿ. ನನಗಾಗಿ ಅಲ್ಲ.

ಇನ್ನೂ ಪಿನ್ನು ಎತ್ತಿಕೊಡಲು ಬರುವ,
ನಾನು


ಏಪ್ರಿಲ್ ೨

ಗುಂಡುಪಿನ್ನಿಗೆ,

ಕೊಟ್ಟೆ ಮಹಾರಾಯ್ತಿ, ಉತ್ತರ ಕೊಟ್ಟೆ. ಒಂದು ಪ್ಯಾಂಟಿನ ಜಿಪ್ಪು ಹಾಕಿ ಮುಗಿಸುವವರೆಗೂ ಅವನು ಕೇಳುತ್ತಲೇ ಇದ್ದ. ಪೊಲೀಸರೂ ಇಷ್ಟು ಕೇಳುವುದಿಲ್ಲ.

"ದಿನಾ ಸ್ವಲ್ಪ ನೋವು, ಆದ್ರೆ ಕೈಹೊಲಿಗೆ ಮಾಡಬಹುದು. ಇಲ್ಲ, ನೋವೇ ಇಲ್ಲ, ಆದ್ರೆ ಮೆಷಿನ್ ಕೆಲಸ ಮಾತ್ರ. ಯಾವುದು?" ಎಂದ. ನೋವಿಲ್ಲದ್ದು ಎಂದೆ. "ಬೇಗ ವಾಸಿ ಆಗಿ ಒಬ್ಬರೇ ಇರೋದು. ಇಲ್ಲ, ನಿಧಾನಕ್ಕೆ ವಾಸಿ ಆಗೋದು, ಜೊತೆಗೆ ಯಾರಾದ್ರೂ ಇರ್ತಾರೆ. ಯಾವುದು?" ಎಂದ. ಬೇಗ, ಒಬ್ಬಳೇ ಎಂದೆ. ಎಲ್ಲಕ್ಕೂ ಹೀಗೇ ಪಟಪಟನೆ ಹೇಳಿದೆ. ಮುಗಿಯಿತು ಅಂದುಕೊಂಡೆ.

ಆಗ ಅವನು, "ಒಂದು ಮಾತ್ರ ಹೊಂದ್ತಾ ಇಲ್ಲ" ಎಂದ. "ಕೈಹೊಲಿಗೆ ಹೋದ್ರೂ ಪರವಾಗಿಲ್ಲ ಅಂದ್ರಿ. ಆದ್ರೆ ಬೆಳಗ್ಗೆ ಎದ್ದ ಕೂಡಲೇ ನೀವು ಮೊದಲು ಹಾಕ್ಸೋದು ಅಡುಗೆಮನೆ ದೀಪ ಅಲ್ಲ. ಕೈಹೊಲಿಗೆ ಮೇಜಿನ ದೀಪ. ಅಂಗಡಿಗೆ ರಜಾ ಇದ್ದ ದಿನಾನೂ ಅದೇ. ನೀವು ಹೇಳಿದ್ದನ್ನ ನಂಬ್ಲಾ, ಮಾಡೋದನ್ನ ನಂಬ್ಲಾ?"

ನನಗೆ ಮೈ ಉರಿದುಹೋಯಿತು. ನಾನು ಯಾವ ದೀಪ ಹಾಕಿಸಿದರೆ ಇವನಿಗೇನು? ಒಂದು ಹಳೆಯ ಕೋಟಿನ ಅಸ್ತರು ತೆಗೆದು ಅವನ ತಲೆಯ ಮೇಲೆ ಹೊದೆಸಿದೆ. "ಹೇಳಿದ್ದನ್ನ ನಂಬು" ಎಂದೆ. ಬಟ್ಟೆಯ ಒಳಗಿನಿಂದ "ಆಗಲಿ" ಎಂದು ಮೆಲ್ಲಗೆ ಕೇಳಿಸಿತು. ಈಗಲೂ ಹಾಗೇ ಕೂತಿದ್ದಾನೆ. ದೀಪವನ್ನು ನಾನೇ ಎದ್ದು ಹಾಕುತ್ತೇನೆ.

ಕೀಲು ಕೂಡಿಸುವುದಕ್ಕೆ ಮೇ ಇಪ್ಪತ್ತನೇ ತಾರೀಕು ಗೊತ್ತಾಗಿದೆ. ಮಗ ಕರೆದುಕೊಂಡು ಹೋಗಿ ಕರೆದುಕೊಂಡು ಬರುತ್ತಾನೆ. ಅವನದು ಬೇರೆ ಮನೆ, ಪಾಳಿಯ ಕೆಲಸ, ಅದಕ್ಕಿಂತ ಹೆಚ್ಚು ರಜೆ ಸಿಗುವುದಿಲ್ಲ, ನಾನು ಕೇಳಿಯೂ ಇಲ್ಲ. ಯಾರಿಗೂ ತೊಂದರೆಯಿಲ್ಲ. ಮೆಷಿನ್ ಇದೆ. ಕೈಹೊಲಿಗೆ ಕೇಳುವ ಜನ ಈಗ ಎಲ್ಲಿದ್ದಾರೆ?

ನೀನು ಚಿಂತೆ ಮಾಡಬೇಡ. ಇಲ್ಲಿಗೆ ಬಿಡು.

ನಿರ್ಧಾರ ಮಾಡಿ ಮುಗಿಸಿದ,
ಅತ್ತೆ


ಏಪ್ರಿಲ್ ೧೧

ಅತ್ತೆಗೆ,

ಬಟ್ಟೆ ಹೊದೆಸಿದರೆ ಗುಮಾಸ್ತನಿಗೆ ಕಣ್ಣು ಕಾಣದೇ ಇರಬಹುದು, ಕೆಲಸ ನಿಲ್ಲುವುದಿಲ್ಲ. ಮೊನ್ನೆ ಮತ್ತೆ ನನ್ನನ್ನು ಕೇಳಿದ. 'ಹೇಳಿದ್ದನ್ನು ನಂಬು ಎಂದಿದ್ದಾರೆ. ಆ ಪ್ರಕಾರ ಗೊತ್ತುಮಾಡಿದ್ದೇನೆ. ಆದರೆ ಇದು ಮತ್ತೆ ಬದಲಾಯಿಸಲಾಗದ ನಿರ್ಧಾರ, ಮತ್ತು ಎರಡೂ ಹೊಂದುತ್ತಿಲ್ಲ. ಅವರನ್ನು ಬಲ್ಲ ನೀವು ಏನು ಹೇಳುತ್ತೀರಿ?'

ನಾನು ಒಂದು ಪದ ಹೇಳಿದ್ದರೆ ಸಾಕಿತ್ತು. ಅವನು ಆಸ್ಪತ್ರೆಗೆ ತಿಳಿಸುತ್ತಿದ್ದ, ವೈದ್ಯರು ನಿಮ್ಮನ್ನು ಮತ್ತೆ ಕರೆಸುತ್ತಿದ್ದರು. ಆ ಪದ ನಾಲಿಗೆಯ ತುದಿಯಲ್ಲಿತ್ತು. ನಿಮ್ಮನ್ನು ನಾನು ನೋಡಿದ್ದೇನೆ. ಒಂದು ಗುಂಡಿಯ ಕಾಜ ಕೈಯಲ್ಲಿ ಹೊಲಿಯುವಾಗ ನಿಮ್ಮ ತುಟಿ ಸ್ವಲ್ಪ ತೆರೆದಿರುತ್ತದೆ, ಹಾಡಲು ಹೊರಟವರ ಹಾಗೆ. ಮೆಷಿನ್ ತುಳಿಯುವಾಗ ನಿಮ್ಮ ಮುಖ ಎಲ್ಲರ ಮುಖದಂತೆ ಇರುತ್ತದೆ.

ಆದರೂ ಹೇಳಲಿಲ್ಲ. ನಿಮ್ಮ ಕೈ ನನ್ನ ಉತ್ತರದ ಮೇಲೆ ನಿಲ್ಲಬಾರದು. ಅದಕ್ಕೇ ಗುಮಾಸ್ತನಿಗೆ ಹೇಳಬೇಕಾದದ್ದನ್ನು ನಿಮಗೇ ಹೇಳುತ್ತಿದ್ದೇನೆ.

ನೀವು ಅವನಿಗೆ ಕೊಟ್ಟ ಉತ್ತರಗಳಲ್ಲಿ ಒಂದೂ ನಿಮ್ಮದಲ್ಲ. ಅವೆಲ್ಲ 'ಯಾರಿಗೂ ತೊಂದರೆಯಾಗಬಾರದು' ಎಂಬ ಒಂದೇ ಉತ್ತರ. ನಮ್ಮ ಮನೆಯಲ್ಲಿ ಎಲ್ಲರೂ ಹಾಗೇ ಇದ್ದೆವು. ಯಾವ ಸಿನಿಮಾ ಎಂದರೆ ನಿನ್ನಿಷ್ಟ, ಯಾವ ಊರಿಗೆ ಎಂದರೆ ನಿನ್ನಿಷ್ಟ. ನಿಮ್ಮ ಮಗ ಒಳ್ಳೆಯವರು. ನಾವಿಬ್ಬರೂ ಜಗಳವಾಡಿದ್ದು ನಿಮಗೆ ನೆನಪಿದೆಯೇ? ಇರಲಾರದು. ಜಗಳವೇ ಆಡಲಿಲ್ಲ. ನನಗೆ ಈ ಊರಿನ ಕೆಲಸ ಸಿಕ್ಕಾಗ ಬಾಗಿಲ ಹತ್ತಿರ ನಿಂತು ಕೇಳಿದೆ, "ಹೋಗ್ಲಾ?" ಎಂದು. ಬೇಡ ಎನ್ನಲಿ ಎಂದು ಕಾದೆ. ಅವರು, "ನಿಂಗೆ ಹೇಗೆ ಅನುಕೂಲಾನೋ ಹಾಗೆ ಮಾಡು" ಎಂದರು. ನಾನು ಹೋಗುವುದಿಲ್ಲ ಎನ್ನಲಿ ಎಂದು ಅವರೂ ಕಾದಿದ್ದರೋ ಏನೋ. ಆಮೇಲೆ ವಕೀಲರ ಕೋಣೆಯಲ್ಲೂ ಇಬ್ಬರೂ ಅದೇ ಮಾತು ಹೇಳಿದೆವು. ವಕೀಲರು ನಮ್ಮಷ್ಟು ಸುಲಭದ ಜನರನ್ನು ನೋಡಿಲ್ಲ ಎಂದು ಮೆಚ್ಚಿಕೊಂಡರು.

ಅದಕ್ಕೇ ಈಗ ಒಂದು ಮಾತು ಸ್ಪಷ್ಟವಾಗಿ ಬರೆಯುತ್ತೇನೆ. ನೀವು ಬೆರಳು ಉಳಿಯುವ ದಾರಿ ಆರಿಸಿಕೊಂಡರೆ, ಜೊತೆಗಿರಲು ನಾನು ಬರುತ್ತೇನೆ. ನನಗೆ ರಜೆ ಇದೆ. ಅಲ್ಲಿರಬೇಕು ಎಂದು ನನಗೆ ಆಸೆ ಇದೆ. ಉಪಕಾರವಲ್ಲ, ಆಸೆ. ನೀವು ಬೇಕು ಎಂದರೆ ಬರುತ್ತೇನೆ, ಬೇಡ ಎಂದರೆ ಬರುವುದಿಲ್ಲ, ಬೇಸರವನ್ನೂ ಮಾಡಿಕೊಳ್ಳುವುದಿಲ್ಲ.

ಉತ್ತರ ಕಾಯುವ,
ಗುಂಡುಪಿನ್ನು


ಏಪ್ರಿಲ್ ೧೯

ಗುಂಡುಪಿನ್ನಿಗೆ,

ಕಾಗದ ತಲುಪಿತು. ನಿನ್ನದು ಒಳ್ಳೆಯ ಮನಸ್ಸು. ಆದರೆ ನಿನ್ನ ಕೆಲಸ, ನಿನ್ನ ಮನೆ, ನಿನ್ನ ದಿನಗಳು. ಜನ ಏನೆನ್ನುತ್ತಾರೋ ಅದು ಬೇರೆ. ಮಗನಿಗೆ ಏನನ್ನಿಸುತ್ತದೋ ಅದೂ ಇದೆ. ನಾನು ಹೇಗೆ ಹೇಳಲಿ? ನಿನಗೆ ಹೇಗೆ ಅನುಕೂಲವೋ ಹಾಗೆ ಮಾಡು.

ಅತ್ತೆ


ಏಪ್ರಿಲ್ ೨೪

ಅತ್ತೆಗೆ,

ಆ ಮಾತು ಕೇಳಿ ನಾನು ಒಂದು ಮನೆಯಿಂದ ಹೊರಗೆ ಹೋದೆ. ಅದೇ ಮಾತು ಕೇಳಿ ಒಳಗೆ ಬರಲಾರೆ.

ಬರುವುದಿಲ್ಲ, ಅತ್ತೆ. ಮೇ ಇಪ್ಪತ್ತರಂದು ನಿಮ್ಮದೇ ಯೋಚನೆಯಲ್ಲಿರುತ್ತೇನೆ.

ನಿಮ್ಮ ಮೇಲೆ ಸಿಟ್ಟಿಲ್ಲದ,
ಗುಂಡುಪಿನ್ನು


ಮೇ ೮

ಗುಂಡುಪಿನ್ನಿಗೆ,

ನಿನ್ನ ಎರಡು ಸಾಲಿನ ಕಾಗದವನ್ನು ಮೆಷಿನ್ನಿನ ಡ್ರಾಯರಿನಲ್ಲಿ ಇಟ್ಟಿದ್ದೆ. ದಾರದ ಬಾಬಿನ್ ತೆಗೆಯಲು ಹೋದಾಗಲೆಲ್ಲ ಅದೇ ಕೈಗೆ ಸಿಗುತ್ತಿತ್ತು. ಮೊದಲ ವಾರ ನಿನ್ನನ್ನು ಬೈದೆ. ಎಷ್ಟು ಕೊಬ್ಬು ಇವಳಿಗೆ, ಬಾ ಎಂದು ಬಾಯಿಬಿಟ್ಟು ಹೇಳಬೇಕಂತೆ ಎಂದು. ಎರಡನೆಯ ವಾರ ಬೈಯಲು ಏನೂ ಉಳಿಯಲಿಲ್ಲ.

ನಿನ್ನೆ ಒಬ್ಬ ಮುದುಕ ಬಂದಿದ್ದ, ಹೆಂಡತಿಯ ಉಣ್ಣೆಯ ಕೋಟು ಹಿಡಿದುಕೊಂಡು. ಮೊಣಕೈ ಹತ್ತಿರ ತೂತು. ಗಾಯ ಕಾಣದ ಹಾಗೆ ನೂಲಿಗೆ ನೂಲು ಕೂಡಿಸಿ ಕೈಯಲ್ಲೇ ಹೊಲಿಯಬೇಕು. "ಆಗುತ್ತಾ?" ಎಂದ. "ಆಗುತ್ತೆ, ಬಿಟ್ಟು ಹೋಗಿ" ಎಂದೆ. ಅವನು ಹೋದ ಮೇಲೆ ಸೂಜಿ ಹಿಡಿದೆ. ನೋವಿಗೆ ಕಣ್ಣಲ್ಲಿ ನೀರು ಬಂತು. ಆದರೂ ಬಿಡಲಿಲ್ಲ. ತೂತು ಮುಚ್ಚಿ ಬಟ್ಟೆಯನ್ನು ಬೆಳಕಿಗೆ ಹಿಡಿದೆ. ಎಲ್ಲಿ ಹರಿದಿತ್ತು ಎಂದು ನನಗೇ ಕಾಣಲಿಲ್ಲ. ನಾನು ಒಬ್ಬಳೇ ಕೂತು ನಕ್ಕೆ. ಹದಿಮೂರು ದಿನ ಕಳೆದರೆ ಈ ಕೆಲಸ ಇನ್ನು ನನ್ನ ಕೈಲಾಗದು ಎಂದು ನೆನಪಾಯಿತು. ಆಮೇಲೆ ಅಳು ಬಂತು. ಸುಳ್ಳೇಕೆ, ಬಿಕ್ಕಿ ಬಿಕ್ಕಿ ಅತ್ತೆ.

ಎದ್ದು ಹೋಗಿ ಗುಮಾಸ್ತನ ತಲೆಯ ಮೇಲಿನ ಅಸ್ತರು ತೆಗೆದೆ. "ಕೇಳಿಸ್ಕೊ" ಎಂದೆ. ಆದರೆ ಮಾತು ಹೊರಡಬೇಕಲ್ಲ. ಈ ವಯಸ್ಸಿನಲ್ಲಿ, ಒಂದು ಡಬ್ಬಿಯ ಎದುರು, ನಾಚಿಕೆ. ಅಸ್ತರನ್ನು ಮಡಿಸಿ ಮೇಜಿನ ಮೇಲಿಟ್ಟೆ. ಅವನು ಅವಸರ ಮಾಡಲಿಲ್ಲ. ಕಾಯುವುದನ್ನು ಅವನಿಗೆ ನೀನೇ ಕಲಿಸಿರಬೇಕು. ಕೊನೆಗೆ ಹೇಳಿದೆ. "ನಂಗೆ ಸೂಜಿ ಬೇಕು. ನೋವು ಉಳಿದ್ರೂ ಉಳೀಲಿ, ಸೂಜಿ ಬೇಕು. ಜೊತೆಗೆ ಅವಳು ಇರ್ಬೇಕು. ಕಂದು ದಾರ ಬೇಡ."

"ಮೂರನ್ನೂ ತಿಳ್ಕೊಂಡೆ" ಎಂದ. "ಎರಡನೇದನ್ನ ಅವರಿಗೆ ನಾನು ತಿಳಿಸ್ಲಾ?"

"ಬೇಡ, ನಾನೇ ಬರೀತೀನಿ" ಎಂದೆ.

ಬರೆಯುತ್ತಿದ್ದೇನೆ. ನನಗೆ ನೀನು ಬೇಕು. ನಿನಗೆ ಅನುಕೂಲವೋ ಇಲ್ಲವೋ ನಾನು ಕೇಳುವುದಿಲ್ಲ, ಅದು ನಿನ್ನ ಪಾಡು. ನೀನು ಹೋದ ದಿನ ಅಂಗಡಿಯ ಬಾಗಿಲಲ್ಲಿ ನಿಂತು, ಹೋಗಬೇಡ ಎಂದು ನಾನಾದರೂ ಹೇಳಬಹುದಿತ್ತು. ಗಂಡ ಹೆಂಡತಿಯ ನಡುವೆ ಮೂಗು ತೂರಿಸಬಾರದು ಎಂದು ಸೂಜಿಗೆ ದಾರ ಪೋಣಿಸುತ್ತ ಕೂತಿದ್ದೆ. ದಾರ ಪೋಣಿಸಲು ಅಷ್ಟು ಹೊತ್ತು ನನಗೆ ಎಂದೂ ಹಿಡಿದಿಲ್ಲ.

ಮಗನ ಜೊತೆ ಮಾತಾಡಿದೆ. ಅವಳು ಬಂದರೆ ನಿನಗೆ ಹೇಗೆ ಎಂದು ಕೇಳಿದರೆ, "ನಿಂಗೆ ಹೇಗೆ ಬೇಕೋ ಹಾಗೆ ಮಾಡಮ್ಮ" ಎಂದ. "ಆ ಮಾತು ಈ ಮನೇಲಿ ಇವತ್ತಿಂದ ನಿಷೇಧ. ನಿಂಗೆ ಏನು ಬೇಕು ಹೇಳು" ಎಂದೆ. ಬಹಳ ಹೊತ್ತು ಶೂಗಳ ಲೇಸು ಕಟ್ಟುತ್ತ ಕೂತ. ಆಮೇಲೆ, "ಅವಳು ಬರ್ಲಿ. ನಿಂಗೆ ಅವಳೇ ಸರಿ. ಆ ದಿನಗಳಲ್ಲಿ ನಾನು ಮಾತ್ರ ಬರೋಲ್ಲ. ನೋಡೋಕೆ ನಂಗೆ ಕಷ್ಟ ಆಗುತ್ತೆ" ಎಂದ. ಅವನು ಹೀಗೆ ಬಿಚ್ಚಿ ಹೇಳಿದ್ದನ್ನು ನಾನು ಕೇಳಿದ್ದು ಇದೇ ಮೊದಲು. ತಲೆ ಸವರಿದೆ. ಕೂದಲು ತೆಳ್ಳಗಾಗುತ್ತಿದೆ ಅವನಿಗೆ.

ಮೇ ಇಪ್ಪತ್ತನ್ನು ಬಿಟ್ಟುಬಿಟ್ಟೆ. ಇನ್ನೊಂದು ರೀತಿಯದಕ್ಕೆ ಜೂನ್ ಹದಿನೇಳು ಸಿಕ್ಕಿದೆ. ನಿನ್ನ ಹಳೆಯ ಕೋಣೆಯಲ್ಲಿ ತುಂಬಿದ್ದ ಕಂದು ದಾರವನ್ನೆಲ್ಲ ಡಬ್ಬಕ್ಕೆ ಹಾಕಿ ಮಂಚ ಖಾಲಿ ಮಾಡಿದ್ದೇನೆ.

ಬಾ.

ನಿನ್ನ ಅತ್ತೆ


ಜೂನ್ ೧೭

ಅತ್ತೆಗೆ,

ನಿಮಗೆ ಎಚ್ಚರವಾದ ಮೇಲೆ ಇದನ್ನು ಕೈಗೆ ಕೊಡುತ್ತೇನೆ. ಎದುರಿಗೇ ಇರುತ್ತೇನೆ, ಆದರೂ ಬರೆಯುತ್ತಿದ್ದೇನೆ. ಬಾಯಲ್ಲಿ ಹೇಳಲು ಹೊರಟರೆ ಅರ್ಧದಲ್ಲಿ ನಿಲ್ಲಿಸಿ, ಏನಿಲ್ಲ ಬಿಡಿ ಎಂದುಬಿಡುತ್ತೇನೆ.

ನಿಮ್ಮನ್ನು ಒಳಗೆ ಕರೆದುಕೊಂಡು ಹೋಗಿ ಸ್ವಲ್ಪ ಹೊತ್ತಾಗಿತ್ತು. ಕಾಯುವ ಕೋಣೆಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳು, ಒಂದು ಅಲುಗಾಡುವ ಫ್ಯಾನು. ನರ್ಸ್ ಹೊರಗೆ ಬಂದು, "ಇವರ ಕಡೆಯವರು ಯಾರು?" ಎಂದರು. ನಾನು ಎದ್ದು ನಿಂತೆ. ತೆರೆದು ನೋಡಿದರೆ ಕೀಲು ಅಂದುಕೊಂಡದ್ದಕ್ಕಿಂತ ಹೆಚ್ಚು ಕೆಟ್ಟಿದೆಯಂತೆ. "ಹೀಗೇ ಮುಂದುವರಿಸಬಹುದು, ಬೆರಳು ಬಾಗುತ್ತೆ. ಆದ್ರೆ ನೋವು ಸ್ವಲ್ಪ ಉಳಿದೇ ಉಳಿಯುತ್ತೆ. ಇಲ್ಲಾಂದ್ರೆ ಈಗಲೇ ಕೂಡಿಸಿಬಿಡಬಹುದು, ನೋವಿನ ಮಾತೇ ಇರಲ್ಲ. ಡಾಕ್ಟರು ಕೇಳ್ತಿದ್ದಾರೆ, ಬೇಗ ಹೇಳ್ಬೇಕು" ಎಂದರು.

ಇಂಥ ಪ್ರಶ್ನೆಗಳನ್ನು ಕೇಳುವುದು ನನ್ನ ಕೆಲಸ. ಉತ್ತರ ಕೊಡುವವರಿಗೆ ಹೇಗಿರುತ್ತದೆ ಎಂದು ಗೊತ್ತಿರಲಿಲ್ಲ. ಕೂಡಿಸಿಬಿಡಿ ಎನ್ನಲು ಒಂದು ಕ್ಷಣ ಮನಸ್ಸಾಯಿತು. ನಿಮಗೆ ನೋವಾಗುವುದು ನನಗೆ ಇಷ್ಟವಿಲ್ಲ. ಆಗ ಕೈಯಲ್ಲಿದ್ದ ಫೋನು ಮಿಡಿಯಿತು. ಆಸ್ಪತ್ರೆ ಅದೇ ಪ್ರಶ್ನೆಯನ್ನು ಗುಮಾಸ್ತನಿಗೂ ಕಳಿಸಿತ್ತು. ಅವನು ಸಲಹೆ ಏನೂ ಕೊಡಲಿಲ್ಲ. ನಿಮ್ಮ ಮಾತನ್ನು ನಿಮ್ಮ ಬಾಯಿಂದ ಬಂದ ಹಾಗೇ ನನ್ನ ಎದುರಿಟ್ಟ. 'ನಂಗೆ ಸೂಜಿ ಬೇಕು. ನೋವು ಉಳಿದ್ರೂ ಉಳೀಲಿ, ಸೂಜಿ ಬೇಕು.' ಕೆಳಗೆ, 'ಇದರ ಪ್ರಕಾರ ಹೇಳಲೇ?' ಎಂದಿತ್ತು.

ನರ್ಸಿಗೆ ಹೇಳಿದೆ, "ಮುಂದುವರಿಸಿ. ಅವರು ಸೂಜಿ ಹಿಡೀಬೇಕು" ಎಂದು. ಹೇಳಿದ್ದು ನಾನು, ಉತ್ತರ ನಿಮ್ಮದು. ನನ್ನ ಇಷ್ಟವನ್ನು ನಿಮ್ಮದರ ಮೇಲೆ ಇಡಲಿಲ್ಲ. ಆದರೂ ಈಗ ಈ ಕುರ್ಚಿಯಲ್ಲಿ ಕೂತು ಹೆದರುತ್ತಿದ್ದೇನೆ. ನೋವು ಹೆಚ್ಚಾದ ದಿನ ನನ್ನನ್ನು ಬೈಯಿರಿ. ಪರವಾಗಿಲ್ಲ ಎಂದು ಮಾತ್ರ ಅನ್ನಬೇಡಿ.

ಹೊರಗಿನ ಕುರ್ಚಿಯಿಂದ,
ಗುಂಡುಪಿನ್ನು


ಅಕ್ಟೋಬರ್ ೫

ಗುಂಡುಪಿನ್ನಿಗೆ,

ಅಕ್ಷರ ನೋಡಿ ಗುರುತು ಹಿಡಿದಿರಬೇಕು. ಬಲಗೈಯಲ್ಲೇ ಬರೆದದ್ದು. ನೀನು ಹೊರಟಾಗ ಚಮಚ ಹಿಡಿಯುವುದಕ್ಕೂ ಪರದಾಡುತ್ತಿದ್ದ ಕೈ ಇದು.

ನೀನು ಹೇಳಿದ ಹಾಗೆ ಬೈಯುತ್ತಿದ್ದೇನೆ. ಬೆಳಗ್ಗೆ ತಣ್ಣೀರು ಮುಟ್ಟಿದರೆ ಬೆರಳಿನ ಬುಡದಲ್ಲಿ ಹಿಡಿದು ಹಿಂಡಿದಂತಾಗುತ್ತದೆ. ಆಗ ನಿನಗೆ, ಡಾಕ್ಟರಿಗೆ, ಗುಮಾಸ್ತನಿಗೆ ಮೂವರಿಗೂ ಸಮನಾಗಿ ಹಂಚಿ ಬೈಯುತ್ತೇನೆ. ಆಮೇಲೆ ದೀಪ ಹಾಕಿಸಿ ಕೂರುತ್ತೇನೆ. ಕೈ ಬಿಸಿಯಾದ ಮೇಲೆ ಸೂಜಿ ನಿಲ್ಲುತ್ತದೆ. ನಿನ್ನೆ ಒಂದು ಗುಂಡಿಯ ಕಾಜ ಪೂರ್ತಿ ಕೈಯಲ್ಲೇ ಮುಗಿಸಿದೆ. ಹಳೆಯ ಕಾಲದ ಹಾಗೆ ಬಂದಿಲ್ಲ, ಒಂದು ಕಡೆ ಸ್ವಲ್ಪ ಸೊಟ್ಟ. ಆದರೆ ಹೊಲಿಯುವಾಗ ನನ್ನ ಬಾಯಿ ತೆರೆದುಕೊಂಡಿತ್ತು. ನೀನು ಬರೆದ ಮೇಲೆ ಅದು ನನಗೂ ಗೊತ್ತಾಗುತ್ತದೆ. ಹಾಳಾದವಳು, ನೆಮ್ಮದಿಯಾಗಿ ಹೊಲಿಯಲೂ ಬಿಡುವುದಿಲ್ಲ.

ಗುಮಾಸ್ತ ಈಗ ಹಸಿರು, ನೀಲಿ, ಕೆಂಪು ಎಲ್ಲ ತರಿಸುತ್ತಾನೆ. ಪ್ರತಿ ಸಲ ಕೇಳುತ್ತಾನೆ, ನಾನು ಪ್ರತಿ ಸಲ ಹೇಳುತ್ತೇನೆ. ಮೊದಮೊದಲು ಬಾಯಿ ಒಣಗುತ್ತಿತ್ತು, ಈಗ ರುಚಿ ಹತ್ತಿದೆ. ಮೇಲಿನ ಮನೆಯವಳು ಟೀ ಕುಡಿಯುತ್ತೀರಾ ಎಂದರೆ, ಸಕ್ಕರೆ ಕಡಿಮೆ ಎಂದೂ ಸೇರಿಸುತ್ತೇನೆ. ಅವಳಿಗೆ ಆಶ್ಚರ್ಯ.

ಮೊನ್ನೆ ಅವನು ಮತ್ತೆ ಕೇಳಿದ, ನಾನು ಉತ್ತರ ಕೊಡದಿದ್ದರೆ ನಿನ್ನನ್ನೇ ಕೇಳಬೇಕೇ ಎಂದು. "ಅವಳನ್ನೇ ಕೇಳು" ಎಂದೆ. "ಸಂಬಂಧ ಏನಂತ ಬರ್ಕೊಳ್ಲಿ? ಹಳೇದು ಈಗ ಸರಿ ಇಲ್ಲ" ಎಂದ. ಯೋಚನೆ ಮಾಡಿದೆ. ಸೊಸೆ ಎಂದರೆ ಸುಳ್ಳು, ಮಗಳು ಎಂದರೆ ನಾಟಕ. "ಗುಂಡುಪಿನ್ನು ಅಂತ ಬರ್ಕೊ, ನಂಗೆ ಅರ್ಥ ಆಗುತ್ತೆ" ಎಂದೆ. ಬರೆದುಕೊಂಡಿದ್ದಾನೆ.

ನೀನು ಬಿಟ್ಟುಹೋದ ಬೂದು ಕೋಟಿನ ಅಂಚು ಬಿಚ್ಚಿತ್ತು. ನೀಲಿ ದಾರದಲ್ಲಿ ಹೊಲಿದಿಟ್ಟಿದ್ದೇನೆ. ಅದನ್ನು ಅಂಚೆಯಲ್ಲಿ ಕಳಿಸಲು ನನಗೆ ಇಷ್ಟವಿಲ್ಲ. ಬರುವ ತಿಂಗಳು ನೀನೇ ಬಂದು ಹಾಕಿಕೊಂಡು ನೋಡಬೇಕು, ನಾನು ಒಂದು ಸುತ್ತು ತಿರುಗಿಸಿ ನೋಡಬೇಕು.

ಇದರ ಮೇಲೆ ಒಂದು ಸಾಲು ಗೀಚಿರುವುದು ಕಾಣುತ್ತದಲ್ಲ? 'ನಿನಗೆ ಅನುಕೂಲವಾದರೆ' ಎಂದು ಬರೆದಿದ್ದೆ. ಹೊಡೆದುಹಾಕಿದೆ.

ಬಾ.

ಅತ್ತೆ